ಕೆರೆ, ಕಾವಲು, ಕಂಪನಿ ನಾಟಕ: ತುಮಕೂರಿನ ನೆಲದ ವ್ಯಾಜ್ಯ

ಬೆಂಗಳೂರಿನಿಂದ ಬರುವವರಿಗೆ ತುಮಕೂರು ಕ್ಯಾತ್ಸಂದ್ರದಲ್ಲಿ ಶುರುವಾಗುತ್ತದೆ. ಬಟವಾಡಿ, ಭದ್ರಮ್ಮ ಛತ್ರ, ಟೌನ್‌ಹಾಲ್ ದಾಟಿ ಶಿರಾ ಗೇಟ್‌ಗೆ ಬಂದರೆ ಊರು ಮುಗಿಯಿತು ಎಂಬ ಭಾವ. ಶಿರಾ ಸೀಮೆಯಿಂದ ಬರುವವರಿಗೆ ಊರು ಶುರುವಾಗುವುದೇ ಈ ಶಿರಾ ಗೇಟ್‌ನಲ್ಲಿ. ಹತ್ತಿರದಲ್ಲೇ ಅಮಾನಿಕೆರೆ ಇದೆ. ಮುಂದೆ ಹೆದ್ದಾರಿ ಕಡೆಗೆ ಹೋದರೆ ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆ, ಅದನ್ನೂ ದಾಟಿ ಕೋರಾ ಕಡೆಗೆ ಹೊರಟರೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ.

ಸ್ಮಾರ್ಟ್ ಸಿಟಿ ಕಾಮಗಾರಿ, ಹಳೇ ಮಾರುಕಟ್ಟೆ ಜಾಗದಲ್ಲಿ ಮಾಲ್, ಹೇಮಾವತಿ ಲಿಂಕ್ ಕೆನಾಲ್, ಮೆಟ್ರೊ ರೈಲು, ಜಿಲ್ಲೆಗೇ 'ಬೆಂಗಳೂರು ಉತ್ತರ' ಎಂದು ಹೆಸರಿಡುವ ಮಾತು. ಹತ್ತು ವರ್ಷಗಳಿಂದ ಈ ಊರನ್ನು ಕಾಡಿದ ಜಗಳಗಳಿವು. ಪತ್ರಿಕೆಗಳಲ್ಲಿ ಇವು ಬೇರೆ ಬೇರೆ ಪುಟದ ಸುದ್ದಿಗಳಾದರೂ ಬುಡದಲ್ಲಿರುವ ಪ್ರಶ್ನೆ ಒಂದೇ: ಯಾರೊಬ್ಬರ ಸ್ವತ್ತೂ ಅಲ್ಲದ ನೆಲವನ್ನು ಏನು ಮಾಡಬೇಕು, ಅದನ್ನು ತೀರ್ಮಾನಿಸುವವರು ಯಾರು? ಕೆರೆಯಂಗಳ, ಗೋಮಾಳ, ಕಾವಲು, ಸಂತೆ ಮೈದಾನ, ಮುಚ್ಚಿದ ಸರ್ಕಾರಿ ಕಾರ್ಖಾನೆಯ ಆವರಣ ಎಲ್ಲವೂ ಈ ಪ್ರಶ್ನೆಯೊಳಗೆ ಬರುತ್ತವೆ. ರಂಗಭೂಮಿಯವರ ಅಳಲು, ವಾಸ್ತುಶಿಲ್ಪಿಗಳ ಅಸಮಾಧಾನ, ರೈತ ಸಂಘಟನೆಗಳ ಹೋರಾಟ, ಪಾಲಿಕೆಯ ರಾಜಕೀಯ ಒಂದೇ ಕಡೆ ಕೂಡುವುದೂ ಇಲ್ಲಿಯೇ.

ದಾರಿಗಳು ಕಟ್ಟಿದ ಊರು

ತುಮಕೂರು ರಾಜಧಾನಿಯಾಗಿ ಬೆಳೆದ ಊರಲ್ಲ. ಆ ವೈಭವ ಉತ್ತರದ ಶಿರಾಕ್ಕಿತ್ತು. ಬಿಜಾಪುರದ ಆದಿಲ್‌ಶಾಹಿಗಳ ನಂತರ 1687ರಿಂದ ಅದು ಮೊಗಲರ ಸುಬಾ ಆಗಿತ್ತು. ಮಲಿಕ್ ರಿಹಾನ್ ದರ್ಗಾ, ಜುಮ್ಮಾ ಮಸೀದಿ, ಕೋಟೆಯ ಅವಶೇಷ ಅಲ್ಲಿ ಇಂದಿಗೂ ಇವೆ. ಬೆಂಗಳೂರು, ಶ್ರೀರಂಗಪಟ್ಟಣದ ಟಿಪ್ಪು ಅರಮನೆಗಳಿಗೆ ಶಿರಾದ ದಿಲಾವರ್ ಖಾನನ ಅರಮನೆಯೇ ಮಾದರಿ ಎಂದು ಹಳೆಯ ಬರಹಗಾರರು ಹೇಳುವುದುಂಟು. ದಕ್ಷಿಣಕ್ಕೆ ಹೊರಟರೆ ಕುಣಿಗಲ್ ರಸ್ತೆಯ ಗೂಳೂರಿನ ಬಳಿ ಕೈದಾಳದ ಚೆನ್ನಕೇಶವ ದೇವಾಲಯ. ಹೊಯ್ಸಳರ ಸಾಮಂತ ಗೂಳಿ ಬಾಚಿ ಸುಮಾರು 1150ರಲ್ಲಿ ಕಟ್ಟಿಸಿದ್ದು. ಜನರಿಗೆ ಮಾತ್ರ ಅದು ದಂತಕಥೆಯ ಶಿಲ್ಪಿ ಜಕಣಾಚಾರಿಯ ಕಳೆದುಹೋದ ಕೈ ಮರಳಿದ ಊರು.

ಇವುಗಳ ನಡುವೆ ಇದ್ದ ತುಮಕೂರನ್ನು ದೊಡ್ಡದು ಮಾಡಿದ್ದು ದಾರಿಗಳು. ಶಿರಾ ಗೇಟ್, ಗುಬ್ಬಿ ಗೇಟ್, ಶೆಟ್ಟಿಹಳ್ಳಿ ಗೇಟ್ ಎಂಬ ಹೆಸರುಗಳು ಇಂದಿಗೂ ಬಸ್ ಕಂಡಕ್ಟರ ಬಾಯಲ್ಲಿವೆ. ಊರಿನ ಬೆನ್ನೆಲುಬು ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು-ಹೊನ್ನಾವರ ರಸ್ತೆ. ಬೆಂಗಳೂರಿನ ರೈಲು ತುಮಕೂರು ಮುಟ್ಟಿದ್ದು 1884ರಲ್ಲಿ. ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದೂ ಅದೇ ವರ್ಷ. ಸೀನರಿ, ಪೆಟ್ಟಿಗೆ, ನಟರನ್ನೆಲ್ಲ ಹೊತ್ತು ಊರೂರು ಸುತ್ತಿ ಬದುಕಿದ ಕಂಪನಿಗೆ ರೈಲು ಎಷ್ಟು ಅನುಕೂಲವಾಗಿದ್ದೀತು ಎಂದು ಊಹಿಸುವುದು ಕಷ್ಟವಲ್ಲ.

ಸ್ವಾತಂತ್ರ್ಯಾನಂತರ ಊರಿಗೆ ಬಂದ ದೊಡ್ಡ ಯಜಮಾನ ಸರ್ಕಾರಿ ಕಾರ್ಖಾನೆ. 1970ರ ದಶಕದ ಕೊನೆಯಲ್ಲಿ ಬಂದ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಒಂದು ತಲೆಮಾರಿನ ಮಧ್ಯಮವರ್ಗವನ್ನೇ ಕಟ್ಟಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ತೀರ್ಮಾನಿಸಿದ ಮೇಲೆ ಅದರ ನೆಲ ಇಸ್ರೋ ಪಾಲಾಯಿತು. ಕಾರ್ಖಾನೆ ಹೋಗಿ ಇನ್ನೊಂದು ಸರ್ಕಾರಿ ಸಂಸ್ಥೆ ಬಂದದ್ದಕ್ಕೆ ಊರಿನಲ್ಲಿ ಸಮಾಧಾನವೇ ಕಂಡಿತು. ನೆಲ ಸರ್ಕಾರದ ಕೈಯಲ್ಲೇ ಉಳಿದರೆ ಜನ ಬೇರೆ ರೀತಿ ನೋಡುತ್ತಾರೆ; ಮಾಲ್ ಕಥೆಗೆ ಬಂದಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಹೆದ್ದಾರಿ ವಾದ

ಈ ನೆಲದ ಪ್ರಶ್ನೆಗೆ ಊರಿನಲ್ಲಿ ಐದು ಪಂಥಗಳ ಉತ್ತರವಿದೆ. ಮೊದಲ ಪಂಥದವರ ಪ್ರಕಾರ ತುಮಕೂರಿನ ಭವಿಷ್ಯ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿದೆ. ರಾಜಧಾನಿ ಉಸಿರುಗಟ್ಟಿದೆ, ಅದರ ಹೊರೆಯನ್ನು ಹೊರಬಲ್ಲ ಹತ್ತಿರದ ದೊಡ್ಡ ಊರು ಇದೇ. ಪುಣೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ, ರೈಲು, ಭೂಮಿ ಮೂರೂ ಇವೆ. ವಸಂತನರಸಾಪುರದ ಫುಡ್ ಪಾರ್ಕ್ 2014ರ ಸೆಪ್ಟೆಂಬರಿನಲ್ಲಿ ಪ್ರಧಾನಿಯಿಂದ ಉದ್ಘಾಟನೆಯಾಯಿತು. 2023ರ ಫೆಬ್ರುವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅದೇ ದಿನ 8,484 ಎಕರೆಯ ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೂ ಅಡಿಗಲ್ಲು ಬಿತ್ತು.

ರಾಜ್ಯ ಸರ್ಕಾರ 2024ರ ಬಜೆಟ್‌ನಲ್ಲಿ ಮೆಟ್ರೊವನ್ನು ತುಮಕೂರಿನವರೆಗೆ ಎಳೆಯುವ ಕಾರ್ಯಸಾಧ್ಯತಾ ಅಧ್ಯಯನ ಘೋಷಿಸಿತು. ಅದೇ ವರ್ಷದ ನವೆಂಬರಿನಲ್ಲಿ ಹಸಿರು ಮಾರ್ಗ ಮಾದಾವರ ಮುಟ್ಟಿದ ಮೇಲೆ ಆಸೆ ಇನ್ನಷ್ಟು ಗರಿಗೆದರಿತು. 2025ರಲ್ಲಿ ರಾಮನಗರ 'ಬೆಂಗಳೂರು ದಕ್ಷಿಣ'ವಾದಾಗ, ತುಮಕೂರನ್ನು 'ಬೆಂಗಳೂರು ಉತ್ತರ' ಮಾಡಬೇಕೆಂಬ ಮಾತನ್ನು ಜಿಲ್ಲೆಯವರೇ ಆದ ಗೃಹ ಸಚಿವ ಜಿ. ಪರಮೇಶ್ವರ ಎತ್ತಿದರು. 2014ರ ನವೆಂಬರ್ 1ರಂದು 'ತುಮ್ಕೂರ್' ಅಧಿಕೃತವಾಗಿ 'ತುಮಕೂರು' ಆಗಿ ಹನ್ನೊಂದು ವರ್ಷವೂ ಕಳೆದಿರಲಿಲ್ಲ.

ಬಂಡವಾಳ ಇಲ್ಲಿಗೆ ಏಕೆ ಬರುತ್ತಿದೆ, ಕ್ಯಾತ್ಸಂದ್ರ ಕಡೆಯ ನಿವೇಶನದ ಬೆಲೆ ಏಕೆ ಏರುತ್ತಿದೆ ಎಂಬುದಕ್ಕೆ ಈ ವಾದದಲ್ಲಿ ಉತ್ತರವಿದೆ. ಉದ್ಯೋಗ ಬೇಕೆನ್ನುವ ಹಳ್ಳಿ ಹುಡುಗರ ಮಾತನ್ನು ಇದು ಗಂಭೀರವಾಗಿ ತೆಗೆದುಕೊಳ್ಳುತ್ತದೆ ಎಂಬುದನ್ನೂ ಒಪ್ಪಬೇಕು. ಆದರೆ ಕಾವಲು, ಗೋಮಾಳಗಳು ಇಲ್ಲಿ ಬರೀ ಖಾಲಿ ಜಾಗಗಳು. ಅಲ್ಲಿ ಮೇಯುತ್ತಿದ್ದ ದನ, ಕುರಿಗಳ ಲೆಕ್ಕ ಟೌನ್‌ಶಿಪ್ ನಕ್ಷೆಯಲ್ಲಿ ಸಿಗುವುದಿಲ್ಲ. ಮೆಟ್ರೊ ವಿಚಾರದಲ್ಲಿ ಭಿನ್ನಮತ ಪಂಥದೊಳಗೇ ಇದೆ. ಇಷ್ಟು ದೂರಕ್ಕೆ ನಗರದೊಳಗಿನ ಮೆಟ್ರೊ ದುಬಾರಿ ಮತ್ತು ನಿಧಾನ, ಇರುವ ಹಳಿಯ ಮೇಲೆ ಉಪನಗರ ರೈಲು ಹೆಚ್ಚಿಸಿದರೆ ಸಾಕು ಎನ್ನುವವರ ಮಾತು ತೂಕದ್ದು. ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರನ್ನು ಕೇಳಿದರೆ ಬಹುಶಃ ಅವರೂ ಅದನ್ನೇ ಹೇಳಿಯಾರು.

ಪೇಟೆ ಅಗೆದವರು

ಎರಡನೆಯ ಪಂಥದವರಿಗೆ ಹೊಸ ಊರಿಗಿಂತ ಇರುವ ಊರನ್ನು ದುರಸ್ತಿ ಮಾಡುವುದು ಮುಖ್ಯ. 2015ರ ಜೂನ್ 25ರಂದು ಶುರುವಾದ ಸ್ಮಾರ್ಟ್ ಸಿಟಿ ಅಭಿಯಾನಕ್ಕೆ 2016ರ ಸೆಪ್ಟೆಂಬರಿನ ಪಟ್ಟಿಯಲ್ಲಿ ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ-ಧಾರವಾಡದ ಜೊತೆ ತುಮಕೂರೂ ಆಯ್ಕೆಯಾಯಿತು. ಪ್ರತಿ ನಗರಕ್ಕೆ ಕೇಂದ್ರದಿಂದ 500 ಕೋಟಿ, ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯಿಂದ ಅಷ್ಟೇ. ತುಮಕೂರು ಸ್ಮಾರ್ಟ್ ಸಿಟಿ ಲಿಮಿಟೆಡ್ ಎಂಬ ಕಂಪನಿ ರಸ್ತೆ, ಪಾದಚಾರಿ ದಾರಿ, ಬಸ್ ನಿಲ್ದಾಣ, ಮಹಾತ್ಮ ಗಾಂಧಿ ಕ್ರೀಡಾಂಗಣ, ಅಮಾನಿಕೆರೆ ಉದ್ಯಾನ ಎಲ್ಲಕ್ಕೂ ಕೈ ಹಾಕಿತು. ಅಭಿಯಾನ 2025ರ ಮಾರ್ಚ್ 31ಕ್ಕೆ ಮುಗಿದಿದೆ.

ಇದರ ಫಲವನ್ನು ಪೂರ್ತಿ ಅಲ್ಲಗಳೆಯುವುದು ಅನ್ಯಾಯ. ವಯಸ್ಸಾದವರು ಬೆಳಗ್ಗೆ ಕೆರೆ ದಂಡೆಯಲ್ಲಿ ನಡೆಯುತ್ತಾರೆ, ಕ್ರೀಡಾಂಗಣದಲ್ಲಿ ಮಕ್ಕಳು ಓಡುತ್ತಾರೆ. ವರ್ಷಗಟ್ಟಲೆ ಅಗೆದ ರಸ್ತೆಯಲ್ಲಿ ಧೂಳು ಕುಡಿದ ಅಂಗಡಿಯವರ ಸಿಟ್ಟು ಕೂಡ ನಿಜ. ಒಬ್ಬರು ಟಾರು ಹಾಕಿದ ಮೇಲೆ ಇನ್ನೊಬ್ಬರು ಪೈಪ್ ಹಾಕಲು ಬಂದರು ಎಂಬ ದೂರು ಕರ್ನಾಟಕದ ಎಲ್ಲ ಸ್ಮಾರ್ಟ್ ಸಿಟಿಗಳಲ್ಲೂ ಕೇಳಿಬಂದಿದೆ.

ಈ ಪಂಥದ ಅಸಲಿ ಪರೀಕ್ಷೆ ನಡೆದದ್ದು ಸಿದ್ಧಿವಿನಾಯಕ ಮಾರುಕಟ್ಟೆಯ ಜಾಗದಲ್ಲಿ. ತರಕಾರಿ ವ್ಯಾಪಾರ ಊರಾಚೆಯ ಅಂತರಸನಹಳ್ಳಿಗೆ ಹೋದ ಮೇಲೆ, ನಗರದ ನಡುವೆ ಉಳಿದ ನೆಲದಲ್ಲಿ ಖಾಸಗಿ ಸಹಭಾಗಿತ್ವದ ಮಾಲ್ ಕಟ್ಟುವ ಪ್ರಸ್ತಾವ ಬಂತು. ವ್ಯಾಪಾರಿಗಳು, ಸಂಘಟನೆಗಳು, ಅಲ್ಲಿನ ಗಣೇಶನ ಗುಡಿಯ ಭಕ್ತರು ಬೀದಿಗಿಳಿದರು. ಬೆಲೆಬಾಳುವ ನೆಲ ದುಡಿಯಬೇಕು, ಪಾಲಿಕೆಗೆ ಆದಾಯ ತರಬೇಕು ಎಂಬುದು ಮಾಲ್ ಪರದವರ ತರ್ಕ. ನೆಲ ಖಾಸಗಿಯವರ ಕೈಗೆ ದೀರ್ಘಕಾಲ ಹೋದರೆ ಅದು ಮರಳುವುದಿಲ್ಲ, ತಳ್ಳುಗಾಡಿಯವರಿಗೆ ಊರ ಮಧ್ಯೆ ಎಡೆಯೇ ಉಳಿಯುವುದಿಲ್ಲ ಎಂಬುದು ಎದುರಾಳಿಗಳ ಉತ್ತರ. ಸಂತೆಯನ್ನು ಹೆದ್ದಾರಿ ಬದಿಗೆ ತಳ್ಳಿದ್ದು ಲಾರಿಗಳಿಗೆ ಅನುಕೂಲವಾಯಿತು. ಚೀಲ ಹಿಡಿದು ನಡೆದುಬರುತ್ತಿದ್ದ ಗಿರಾಕಿಗೆ ಏನಾಯಿತು ಎಂಬುದನ್ನು ಯೋಜನೆಗಾರರು ವಿಚಾರಿಸಿದಂತೆ ಕಾಣುವುದಿಲ್ಲ.

ನೀರಿನ ಲೆಕ್ಕ

ಮೂರನೆಯ ಪಂಥ ಹಳೆಯದು, ಹಟಮಾರಿ. ಇವರ ದೃಷ್ಟಿಯಲ್ಲಿ ಊರಿನ ಮೊದಲ ಯೋಜನೆ ಕೆರೆ. ರಸ್ತೆ, ಬಡಾವಣೆ ಆಮೇಲಿನ ಮಾತು. ಅಮಾನಿಕೆರೆ, ಮರಳೂರು ಕೆರೆ, ಭೀಮಸಂದ್ರ ಕೆರೆಗಳ ಕೋಡಿ ಎತ್ತ ಹರಿಯುತ್ತದೆ ಎಂಬುದನ್ನು ನೋಡದೆ ಬಡಾವಣೆ ಎಳೆದರೆ ಮಳೆಗಾಲದಲ್ಲಿ ನೀರೇ ಆ ಗೆರೆಯನ್ನು ಅಳಿಸುತ್ತದೆ. ಬೆಂಗಳೂರಿನಲ್ಲಿ 1980ರ ದಶಕದ ಲಕ್ಷ್ಮಣ ರಾವ್ ಸಮಿತಿ ಕೆರೆಗಳನ್ನು ಉಳಿಸಲು ಹೇಳಿದ ಮೇಲೂ ಆದದ್ದೇನು ಎಂಬುದನ್ನು ಇವರು ಎಚ್ಚರಿಕೆಯ ಕಥೆಯಾಗಿ ಹೇಳುತ್ತಾರೆ.

ಈ ವಾದದ ಇನ್ನೊಂದು ಮುಖ ಹೇಮಾವತಿ ನದಿ. ಹಿಂದೆ ಮೈದಾಳ ಕೆರೆಯ ನೀರು ಕುಡಿಯುತ್ತಿದ್ದ ತುಮಕೂರು ಈಗ ಬುಗುಡನಹಳ್ಳಿ ಕೆರೆಗೆ ನಾಲೆಯಲ್ಲಿ ಬರುವ ಹೇಮಾವತಿಯನ್ನು ನಂಬಿದೆ. ಕುಣಿಗಲ್ ಭಾಗಕ್ಕೆ ಬೇಗ ನೀರು ಮುಟ್ಟಿಸಲು ಗುಬ್ಬಿ ತಾಲ್ಲೂಕಿನ ನಾಲೆಯಿಂದಲೇ ಪೈಪ್ ಎಳೆಯುವ, ಸುಮಾರು ಸಾವಿರ ಕೋಟಿ ರೂಪಾಯಿಯ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆಗೆ 2024 ಮತ್ತು 2025ರಲ್ಲಿ ಗುಬ್ಬಿ, ತುರುವೇಕೆರೆ, ತುಮಕೂರು ಭಾಗದಲ್ಲಿ ತೀವ್ರ ವಿರೋಧ ಬಂತು. ತಮ್ಮ ಕೆರೆಗಳು ಬರಿದಾಗುತ್ತವೆ, ನೀರು ಮಾಗಡಿ-ರಾಮನಗರಕ್ಕೆ ಹೋಗುತ್ತದೆ ಎಂಬುದು ಗುಬ್ಬಿಯವರ ಆತಂಕ. ನಾಲೆಯ ಕೊನೆಯಲ್ಲಿರುವ ತಮಗೆ ಪಾಲಿನ ನೀರು ಎಂದೂ ಪೂರ್ತಿ ಬಂದಿಲ್ಲ ಎಂಬುದು ಕುಣಿಗಲ್‌ನವರ ದೂರು. ಎರಡೂ ಸುಳ್ಳಲ್ಲ. ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಾದ ಕುಣಿಗಲ್ ದೊಡ್ಡಕೆರೆ ತುಂಬಿದರೆ ಇಡೀ ಸೀಮೆಗೆ ಸಂಭ್ರಮ. ಆದರೆ ಅದನ್ನು ತುಂಬಿಸುವ ನೀರು ಇನ್ನೊಬ್ಬರ ತೂಬಿನ ಮುಂದೆ ಹಾದುಬರಬೇಕು. 2019ರ ಲೋಕಸಭಾ ಚುನಾವಣೆಯಲ್ಲಿ ಎಚ್.ಡಿ. ದೇವೇಗೌಡರು ತುಮಕೂರಿನಲ್ಲಿ ಸೋತಾಗಲೂ ಪ್ರಚಾರದ ತುಂಬ ಇದೇ ಹೇಮಾವತಿಯಿತ್ತು.

ಊರು ಎಷ್ಟು ಬೆಳೆಯಬಲ್ಲದು ಎಂಬ ಮಿತಿಯನ್ನು ತೋರಿಸುವ ಏಕೈಕ ಪಂಥವಿದು, ಅದೇ ಇದರ ಬಲ. ಆದರೆ ಆ ಮಿತಿಯೊಳಗೆ ಹೊಸದಾಗಿ ಬರುವ ಜನ ಎಲ್ಲಿ ವಾಸಿಸಬೇಕು ಎಂದು ಕೇಳಿದರೆ ಇವರಲ್ಲಿ ನಿಖರ ಉತ್ತರವಿಲ್ಲ.

ಡೇರೆಗೆ ಜಾಗವೆಲ್ಲಿ?

ನಾಲ್ಕನೆಯ ಪಂಥಕ್ಕೆ ಸಂಘಟನೆಯಿಲ್ಲ, ಬಜೆಟ್ಟಿಲ್ಲ, ನೆನಪು ಮಾತ್ರ ಬಹಳ. ಕಲೆ ಬದುಕುವ ಜಾಗಗಳೇ ಊರಿನ ಅಳತೆಗೋಲು ಎನ್ನುವವರು ಇವರು. ಇವರ ಮಾತಿನ ಕೇಂದ್ರದಲ್ಲಿ, ಗುಬ್ಬಿಯ ಆ ನಾಟಕ ಸಂಘವನ್ನು ನಡೆಸಿದ ಗುಬ್ಬಿ ವೀರಣ್ಣ ಇದ್ದೇ ಇರುತ್ತಾರೆ.

ವೀರಣ್ಣನವರ (1891-1972) ಕಂಪನಿ ಕಟ್ಟಡದಲ್ಲಿ ಹುಟ್ಟಿ ಬೆಳೆದ ಸಂಸ್ಥೆಯಲ್ಲ. ಮೈದಾನ ಸಿಕ್ಕ ಕಡೆ ಡೇರೆ ಹೊಡೆದು, ತಿಂಗಳುಗಟ್ಟಲೆ ಕ್ಯಾಂಪ್ ಹಾಕಿ, ಜನ ಕರಗಿದ ಮೇಲೆ ಮುಂದಿನ ಊರಿಗೆ ಹೊರಡುವುದು ಅದರ ಕ್ರಮ. 'ಕುರುಕ್ಷೇತ್ರ' ನಾಟಕದಲ್ಲಿ ಆನೆ, ಕುದುರೆಗಳನ್ನು ರಂಗಕ್ಕೇ ತಂದ ಕಥೆ ಎಲ್ಲರಿಗೂ ಗೊತ್ತು. ಆನೆ ನಿಲ್ಲುವಷ್ಟು ಬಯಲು ಊರಿನಲ್ಲಿ ಇದ್ದದ್ದರಿಂದಲೇ ಅದು ಸಾಧ್ಯವಾಯಿತು ಎಂಬುದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆ ಕಂಪನಿಯ ನೆರಳಿನಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಬೆಳೆದರು. ಬಿ. ಜಯಮ್ಮನವರಂಥ ನಟಿಯರು ಅಲ್ಲಿ ಮಿಂಚಿದರು. ಮೊಮ್ಮಗಳು ಬಿ. ಜಯಶ್ರೀ ಆ ಪರಂಪರೆಯನ್ನು ಆಧುನಿಕ ರಂಗಕ್ಕೆ ದಾಟಿಸಿದರು.

ಇಂದು ವೀರಣ್ಣನವರ ಹೆಸರಿನಲ್ಲಿ ರಾಜ್ಯ ಸರ್ಕಾರದ ಪ್ರಶಸ್ತಿಯಿದೆ, ತುಮಕೂರಿನಲ್ಲಿ ಕಲಾಕ್ಷೇತ್ರವಿದೆ. ಕಲಾಕ್ಷೇತ್ರ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಹೊಸ ನಾಟಕ ಆಡುವ ನಾಟಕಮನೆ, ಝೆನ್ ಟೀಮ್‌ನಂಥ ತಂಡಗಳಿಗೆ ಬೇಕಿರುವುದು ವರ್ಷವಿಡೀ ಕಡಿಮೆ ಬಾಡಿಗೆಗೆ ಸಿಗುವ ತಾಲೀಮಿನ ಜಾಗ, ನೂರೈವತ್ತು ಜನ ಕೂರುವ ಆಪ್ತ ರಂಗ. ಸರ್ಕಾರಿ ಸಮಾರಂಭ, ಸನ್ಮಾನ, ಶಾಲಾ ವಾರ್ಷಿಕೋತ್ಸವಗಳ ನಡುವೆ ದೊಡ್ಡ ಸಭಾಂಗಣದಲ್ಲಿ ನಾಟಕಕ್ಕೆ ದಿನ ಹೊಂದಿಸುವ ಕಷ್ಟ ರಾಜ್ಯದ ಯಾವ ಜಿಲ್ಲಾ ಕೇಂದ್ರದವರಿಗೂ ಹೊಸದಲ್ಲ. ಅಮಾನಿಕೆರೆಯ ಗಾಜಿನ ಮನೆಯೂ ಹೀಗೆಯೇ. ನೋಡಲು ಚೆಂದ, ಸಮಾವೇಶಗಳಿಗೆ ಒದಗುತ್ತದೆ. ಮಾತೇ ಜೀವವಾದ ನಾಟಕಕ್ಕೆ ಮೈಕಿಲ್ಲದೆ ಅಲ್ಲಿ ಆಗದು.

ಕಟ್ಟಡದ ಹಂಗೇ ಇಲ್ಲದ ಕಲೆ ಗೂಳೂರಿನಲ್ಲಿದೆ. ಗಣೇಶ ಚೌತಿಯಂದು ಕೆರೆಯ ಜೇಡಿಮಣ್ಣಿನಿಂದ ಆರಂಭಿಸಿ ದೀಪಾವಳಿಯ ಬಲಿಪಾಡ್ಯಮಿಗೆ ಮುಗಿಸುವ ಬೃಹತ್ ಗಣಪತಿ, ಕಾರ್ತಿಕವಿಡೀ ಪೂಜೆ, ಆಮೇಲೆ ಅದೇ ಕೆರೆಯಲ್ಲಿ ವಿಸರ್ಜನೆ. ಊರಿನ ಹದಿನೆಂಟು ಕೋಮಿನವರಿಗೂ ಇದರಲ್ಲಿ ಕೆಲಸವಿದೆ. ಕೆರೆಯೇ ಇಲ್ಲಿ ಕಚ್ಚಾವಸ್ತುವಿನ ಕಣಜ, ಕೆರೆಯೇ ರಂಗದ ಕೊನೆಯ ಅಂಕ. ಶಿವರಾತ್ರಿಯ ಸಿದ್ಧಗಂಗಾ ಜಾತ್ರೆಗೆ ಇರುವುದೂ ಇಂಥದ್ದೇ ಬಯಲಿನ ಆಸರೆ: ದನಗಳ ಪರಿಷೆ, ವಸ್ತುಪ್ರದರ್ಶನ, ನಾಟಕ ಎಲ್ಲವೂ ಅಲ್ಲಿ ಉಂಟು. ಊರಿನ ಮಾಸ್ಟರ್ ಪ್ಲಾನಿನಲ್ಲಿ ಇಂಥ ಬಯಲಿಗೆ ಬಣ್ಣ ಯಾವುದು? ವಾಣಿಜ್ಯ, ವಸತಿ, ಕೈಗಾರಿಕೆ, ಉದ್ಯಾನಕ್ಕೆ ಬಣ್ಣವಿದೆ. ವರ್ಷಕ್ಕೊಂದು ತಿಂಗಳು ಜಾತ್ರೆ, ಉಳಿದ ದಿನ ದನ ಮೇಯುವ ಬಯಲಿಗೆ ಬೇರೆ ಬಣ್ಣವಿಲ್ಲ.

ಈ ಪಂಥಕ್ಕೂ ಒಂದು ಕುರುಡಿದೆ. ಹಳೆಯದೆಲ್ಲ ಎಲ್ಲರಿಗೂ ತೆರೆದಿತ್ತು ಎಂದು ನಂಬಿಬಿಡುತ್ತದೆ. ಪೇಟೆಯ ಮನೆಗಳ ಜಗಲಿ ಯಾರ್ಯಾರಿಗೆ ಸಿಗುತ್ತಿತ್ತು, ಕೆರೆಯ ಯಾವ ಸೋಪಾನದಲ್ಲಿ ಯಾರು ನೀರು ಮುಟ್ಟಬಹುದಿತ್ತು ಎಂಬ ಪ್ರಶ್ನೆ ಕೇಳಿದ್ದು ದಲಿತ ಚಳವಳಿ. ತುಮಕೂರು ಆ ಚಳವಳಿಯ ಗಟ್ಟಿ ನೆಲೆಗಳಲ್ಲೊಂದು.

ಓಟು ಹಾಕಿದವರ ಕೈಯಲ್ಲಿ ಏನಿದೆ

ಐದನೆಯ ಪಂಥದವರು ಊರು ಹೇಗಿರಬೇಕು ಎಂಬುದಕ್ಕಿಂತ ಮೊದಲು, ಹೇಳುವ ಅಧಿಕಾರ ಯಾರದು ಎಂದು ಕೇಳುತ್ತಾರೆ. 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ನಗರಸಂಸ್ಥೆಗಳಿಗೆ ಕೊಡಬಹುದಾದ 18 ವಿಷಯಗಳಿವೆ. ಮೊದಲನೆಯದೇ ನಗರ ಯೋಜನೆ. ಹದಿಮೂರನೆಯದು ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ವಿಚಾರ. ಕಾಗದದ ಮೇಲೆ ನಾಟಕ ಮತ್ತು ನಕ್ಷೆ ಎರಡೂ ಪಾಲಿಕೆಯ ಮನೆಯಲ್ಲಿವೆ.

ನೆಲದ ಮೇಲೆ ಚಿತ್ರ ಬೇರೆ. ಮಾಸ್ಟರ್ ಪ್ಲಾನ್ ತಯಾರಿಸುವುದು ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ. ಅದರ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ. ಕೈಗಾರಿಕಾ ಭೂಮಿ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯದು (ಕೆಐಎಡಿಬಿ), ಹೆದ್ದಾರಿ ಕೇಂದ್ರದ್ದು, ಸ್ಮಾರ್ಟ್ ರಸ್ತೆಗಳು ಸ್ಮಾರ್ಟ್ ಸಿಟಿ ಕಂಪನಿಯವು, ನಾಲೆ ಕಾವೇರಿ ನೀರಾವರಿ ನಿಗಮದ್ದು. 35 ವಾರ್ಡುಗಳ ಪಾಲಿಕೆಗೆ ಉಳಿಯುವುದು ಕಸ, ಬೀದಿದೀಪ ಮತ್ತು ಜನರ ಬೈಗುಳ. 2018ರಲ್ಲಿ ಗೆದ್ದ ಸದಸ್ಯರ ಅವಧಿ ಮುಗಿದ ಮೇಲೆ ಆ ಪಾಲಿಕೆಯೂ ಆಡಳಿತಾಧಿಕಾರಿಯ ಕೈಗೆ ಹೋಯಿತು. ಶಿರಾ ಗೇಟ್‌ನ ನಿವಾಸಿ ತನ್ನ ಮನೆಮುಂದಿನ ಚರಂಡಿಗೆ ಯಾರನ್ನು ಹಿಡಿಯಬೇಕು ಎಂಬುದಕ್ಕೆ ಉತ್ತರ ಇಲಾಖೆಯಿಂದ ಇಲಾಖೆಗೆ ಅಲೆಯುತ್ತದೆ.

ಸುತ್ತಲಿನ ಗ್ರಾಮ ಪಂಚಾಯಿತಿಗಳನ್ನು ಸೇರಿಸಿ ದೊಡ್ಡ ಪಾಲಿಕೆ ಮಾಡುವ ಪ್ರಸ್ತಾವವೂ ಈ ಚರ್ಚೆಗೆ ಸೇರಿದೆ. ಇಂಥ ವಿಲೀನಕ್ಕೆ ಜಗತ್ತಿನಲ್ಲಿ ಹಳೆಯ ಉದಾಹರಣೆಗಳಿವೆ. ಆಸ್ಟ್ರೇಲಿಯಾದ ಬ್ರಿಸ್ಬೇನ್ 1925ರಲ್ಲಿ ಸುಮಾರು ಇಪ್ಪತ್ತು ಸಣ್ಣ ಸ್ಥಳೀಯ ಸಂಸ್ಥೆಗಳನ್ನು ಒಂದುಗೂಡಿಸಿ ಇಡೀ ನಗರಕ್ಕೆ ಒಂದೇ ಕೌನ್ಸಿಲ್ ಮಾಡಿಕೊಂಡಿತು. ರಸ್ತೆ, ನೀರು, ಸಾರಿಗೆ ಒಂದೇ ಚುನಾಯಿತ ಮೇಜಿಗೆ ಬಂದವು. ಇಲ್ಲಿ ಗಡಿಯನ್ನು ಹಿಗ್ಗಿಸುವ ಮಾತು ಜೋರಾಗಿದೆ, ಅಧಿಕಾರ ಹಿಗ್ಗಿಸುವ ಮಾತು ಕೇಳಿಸುವುದೇ ಇಲ್ಲ. ಪಂಚಾಯಿತಿಯಿಂದ ಪಾಲಿಕೆಗೆ ಹೋಗುವ ಹಳ್ಳಿಗೆ ಉದ್ಯೋಗ ಖಾತರಿ ಕೆಲಸ ತಪ್ಪುತ್ತದೆ, ಆಸ್ತಿ ತೆರಿಗೆ ಏರುತ್ತದೆ. ಬದಲಿಗೆ ಏನು ಸಿಗುತ್ತದೆ ಎಂಬ ಹಳ್ಳಿಯವರ ಪ್ರಶ್ನೆ ನ್ಯಾಯವಾದದ್ದು.

ಐದರಲ್ಲಿ ಹೆಚ್ಚು ವಿವರಿಸುವ ಶಕ್ತಿ ಈ ಕೊನೆಯ ಪಂಥಕ್ಕಿದೆ ಎನ್ನಬೇಕು. ಮಾಲ್, ನಾಲೆ ಎರಡರಲ್ಲೂ ಜನರನ್ನು ಕೆರಳಿಸಿದ್ದು ನಿರ್ಧಾರಕ್ಕಿಂತ ಅದು ಮೇಲಿನಿಂದ ಬಂದ ರೀತಿ. ಆದರೂ ಚುನಾಯಿತರೆಲ್ಲ ಬಯಲು ಉಳಿಸುವವರು ಎಂಬ ಖಾತ್ರಿ ಯಾವ ಊರಿನ ಇತಿಹಾಸದಲ್ಲೂ ಇಲ್ಲ.

ಇತ್ಯರ್ಥವಾಗದೆ ಉಳಿದದ್ದು

ಮೆಟ್ರೊ ಬಂದೀತೇ, ಬಂದರೆ ತುಮಕೂರು ತಾನೇ ದುಡಿಯುವ ಊರಾಗುತ್ತದೆಯೋ, ಮಲಗಲು ಮಾತ್ರ ಮರಳುವ ಊರಾಗುತ್ತದೆಯೋ ಎಂಬುದು ಇತ್ಯರ್ಥವಾಗದ ಮೊದಲ ಪ್ರಶ್ನೆ. ಜಿಲ್ಲೆಯ ಹೆಸರು ಬದಲಾದರೆ ಲಾಭ ಭೂಮಿ ಮಾರುವವರಿಗೋ ಉಳುವವರಿಗೋ ಎಂಬ ಅನುಮಾನವೂ ಹಾಗೇ ಇದೆ. ಹೇಮಾವತಿಯ ಪೈಪಿನ ವಿಚಾರದಲ್ಲಿ ಗುಬ್ಬಿ, ಕುಣಿಗಲ್ ಇಬ್ಬರೂ ಒಪ್ಪುವ, ನಾಲೆಯ ಉದ್ದಕ್ಕೂ ಅಳೆದು ತೋರಿಸುವ ನೀರಿನ ಲೆಕ್ಕ ಇನ್ನೂ ಮೇಜಿಗೆ ಬಂದಿಲ್ಲ. ಅಭಿಯಾನ ಮುಗಿದ ಮೇಲೆ ಸ್ಮಾರ್ಟ್ ಸಿಟಿ ಕಟ್ಟಿದ ಆಸ್ತಿಗಳನ್ನು ಯಾರ ಹಣದಿಂದ ನಿರ್ವಹಿಸಬೇಕು ಎಂಬುದು ಪಾಲಿಕೆಯ ತಲೆನೋವು.

ಎಲ್ಲಕ್ಕಿಂತ ತೀಕ್ಷ್ಣವಾದದ್ದು ಬಹುಶಃ ಕುಣಿಗಲ್‌ನಲ್ಲಿದೆ. ಹೈದರ್, ಟಿಪ್ಪು ಕಾಲದ ಕುದುರೆ ಲಾಯದ ಪರಂಪರೆಯ ಸ್ಟಡ್ ಫಾರ್ಮ್ 1992ರಲ್ಲಿ 30 ವರ್ಷದ ಗುತ್ತಿಗೆಗೆ ಖಾಸಗಿಯವರ ಪಾಲಾಗಿತ್ತು. ಅವಧಿ ಮುಗಿದ ಮೇಲೆ, 400 ಎಕರೆಗೂ ಮಿಕ್ಕ ಆ ಹಸಿರು ನೆಲದಲ್ಲಿ ಟೌನ್‌ಶಿಪ್ ಮಾಡುವ ಪ್ರಸ್ತಾವ 2024ರಲ್ಲಿ ಬಂತು. ಕುದುರೆ ಸಾಕುವವರು, ಪರಂಪರೆಯ ಪರ ಇರುವವರು ಆಕ್ಷೇಪಿಸಿದರು. ನಿವೇಶನ ಬೇಕೆನ್ನುವವರೂ ಊರಿನಲ್ಲಿದ್ದಾರೆ. ಕಾರ್ಖಾನೆ, ಮಾಲ್, ಲಾಯ, ಉದ್ಯಾನ, ಬಡಾವಣೆ ಯಾವುದೇ ಆಗಲಿ, ಇಷ್ಟು ದೊಡ್ಡ ಸರ್ಕಾರಿ ನೆಲದ ಬಗ್ಗೆ ಕುಣಿಗಲ್ ಪುರಸಭೆಯ ಅಭಿಪ್ರಾಯ ಏನೆಂದು ಕೇಳಲೇಬೇಕಾದ ವಿಧಿ ಕಾನೂನಿನಲ್ಲಿ ಎಲ್ಲಿದೆ ಎಂಬುದಕ್ಕೆ ಐದು ಪಂಥಗಳಲ್ಲಿ ಯಾರೂ ಉತ್ತರ ಕೊಟ್ಟಿಲ್ಲ.